ಗೆರೆಯಿಂದ ಗೋಡೆಗೆ

ಮನೆಯನ್ನು ಕಟ್ಟುವುದಕ್ಕೆ ಮೊದಲು ಅದನ್ನು ಗೆರೆಯಲ್ಲಿ ಕಾಣಬೇಕು. ಇಟ್ಟಿಗೆ, ಕಲ್ಲು, ಗಾರೆಗಳು ಆಮೇಲಿನ ಮಾತು. ಪಾಯವನ್ನು ಗುರುತಿಸುವ ದಿನ ಮೇಸ್ತ್ರಿಯು ನಿವೇಶನದಲ್ಲಿ ಒಂದು ಗೂಟವನ್ನು ನೆಡುತ್ತಾನೆ. ಅದಕ್ಕೆ ದಾರವನ್ನು ಕಟ್ಟಿ, ಬಿಗಿಯಾಗಿ ಎಳೆದುಕೊಂಡು ಹೋಗಿ, ಗೋಡೆಯು ಮುಗಿಯಬೇಕಾದ ಕಡೆಯಲ್ಲಿ ಎರಡನೆಯ ಗೂಟವನ್ನು ನೆಡುತ್ತಾನೆ. ದಾರದ ಉದ್ದಕ್ಕೂ ಸುಣ್ಣದ ಪುಡಿಯನ್ನು ಉದುರಿಸಿದರೆ ನೆಲದ ಮೇಲೆ ಬಿಳಿಯ ಗೆರೆಯೊಂದು ಮೂಡುತ್ತದೆ. ಮೂಲೆಯು ಸರಿಯಾಗಿದೆಯೇ ಎಂಬುದನ್ನು ಮೂಲೆಮಟ್ಟದಿಂದಲೋ, 3 ಅಡಿ, 4 ಅಡಿ, 5 ಅಡಿಗಳ ತ್ರಿಕೋನದಿಂದಲೋ ಪರೀಕ್ಷಿಸುತ್ತಾನೆ. ಈ ವಿದ್ಯೆಯು ಬಹು ಪುರಾತನವಾದುದು. ಯಜ್ಞವೇದಿಗಳನ್ನು ಅಳೆದು ರಚಿಸುವ ಕ್ರಮವನ್ನು ಹೇಳುವ ಪ್ರಾಚೀನ ಗ್ರಂಥಗಳಿಗೆ ಶುಲ್ಬಸೂತ್ರಗಳೆಂದು ಹೆಸರು. ಶುಲ್ಬವೆಂದರೆ ಹಗ್ಗ.

ಈ ಕೆಲಸದ ತಿರುಳು ಸರಳವಾದುದು. ನೇರವಾದ ಒಂದು ಗೋಡೆಯ ಜಾಡನ್ನು ಗೊತ್ತುಪಡಿಸಲು ಎರಡು ಬಿಂದುಗಳು ಸಾಕು. ಗಣಕಯಂತ್ರದ ಪರದೆಯ ಮೇಲೆ ಮನೆಯ ನಕ್ಷೆಯನ್ನು ರಚಿಸುವವರು ಮಾಡುವ ಕೆಲಸವೂ ಇದೇ. ಆದರೆ ಅವರ ಬಳಿ ಗೂಟವಿಲ್ಲ, ದಾರವಿಲ್ಲ. ಅಂಗೈಯಡಿಯಲ್ಲಿ ಮೌಸ್ ಎಂಬ ಪುಟ್ಟ ಸಾಧನವೊಂದಿದೆ, ಅಷ್ಟೆ. ಗೋಡೆಯು ಇಲ್ಲಿಂದ ತೊಡಗಿ ಅಲ್ಲಿಗೆ ಮುಗಿಯುತ್ತದೆ ಎಂಬುದನ್ನು ಆ ಸಾಧನದ ಮೂಲಕ ಯಂತ್ರಕ್ಕೆ ತಿಳಿಸುವುದು ಹೇಗೆ? ಮೇಲ್ನೋಟಕ್ಕೆ ಇದು ಅಲ್ಪವಾದ ಪ್ರಶ್ನೆಯೆಂದು ತೋರಬಹುದು. ಆದರೆ ತನ್ನ ಮನೆಯ ನಕ್ಷೆಯನ್ನು ಯಾರು ತಾವೇ ಬರೆಯಬಲ್ಲರು, ಯಾರು ಬರೆಯಲಾರರು ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಗಣಕಯಂತ್ರದ ಪರದೆಯ ಮೇಲೆ ಕೈಯಿಂದ ಗೆರೆ ಎಳೆಯುವ ಕಲೆಗೆ ಭದ್ರವಾದ ತಳಹದಿಯನ್ನು ಹಾಕಿದವನು ಅಮೆರಿಕದ ಐವಾನ್ ಸದರ್‌ಲ್ಯಾಂಡ್. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿಯಾಗಿದ್ದ ಆತನು 1963ರಲ್ಲಿ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶವನ್ನು ತನ್ನ ಸಂಶೋಧನ ಪ್ರಬಂಧದಲ್ಲಿ ವಿವರಿಸಿದನು. ಅಲ್ಲಿ ಬಳಕೆಯಾದುದು ಮೌಸ್ ಅಲ್ಲ, ಬೆಳಕಿನ ಲೇಖನಿ. ಲೇಖನಿಯನ್ನು ಪರದೆಯ ಒಂದು ಬಿಂದುವಿಗೆ ಹಿಡಿದು, ಇನ್ನೊಂದು ಕೈಯಿಂದ ಗುಂಡಿಯೊಂದನ್ನು ಒತ್ತಿದರೆ ಆ ಬಿಂದುವಿನಿಂದ ಗೆರೆಯು ಹುಟ್ಟುತ್ತಿತ್ತು. ಲೇಖನಿಯು ಹೋದ ಕಡೆಗೆ ಗೆರೆಯ ತುದಿಯೂ ಹೋಗುತ್ತಿತ್ತು. ಒಂದು ತುದಿ ಕಟ್ಟಿದ್ದು, ಇನ್ನೊಂದು ತುದಿ ಕೈಯಲ್ಲಿರುವ ರಬ್ಬರಿನ ಎಳೆಯಂತೆ ಅದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು, ತಿರುಗುತ್ತಿತ್ತು. ಗೆರೆಯು ನಿಲ್ಲುವ ಮೊದಲೇ ಅದು ಹೇಗೆ ನಿಂತೀತು ಎಂಬುದನ್ನು ಕಣ್ಣು ಕಾಣುತ್ತಿತ್ತು. ಈ ಹಿಗ್ಗುವ ಗೆರೆಯೇ ಮೇಸ್ತ್ರಿಯ ದಾರದ ಸ್ಥಾನವನ್ನು ಪರದೆಯ ಮೇಲೆ ಪಡೆಯಿತು. ಇಂದಿನ ಗೃಹವಿನ್ಯಾಸದ ತಂತ್ರಾಂಶಗಳಲ್ಲಿಯೂ ಅದು ಹಾಗೆಯೇ ಉಳಿದು ಬಂದಿದೆ.

ಬೆಳಕಿನ ಲೇಖನಿಯಲ್ಲಿ ಒಂದು ಕಷ್ಟವಿತ್ತು. ನಿಂತಿರುವ ಪರದೆಗೆ ಅದನ್ನು ಹಿಡಿದಿರಬೇಕಾದುದರಿಂದ ತೋಳು ಬೇಗನೆ ಸೋಲುತ್ತಿತ್ತು. ಕೈಯನ್ನು ಮೇಜಿನ ಮೇಲೆ ಊರಿಕೊಂಡೇ ಪರದೆಯ ಮೇಲಿನ ಬಿಂದುವನ್ನು ತೋರಿಸುವ ಉಪಾಯವು ಕ್ಯಾಲಿಫೋರ್ನಿಯಾದಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿಗೆ ಹೊಳೆಯಿತು. ಆತನ ಸಹೋದ್ಯೋಗಿಯಾದ ಬಿಲ್ ಇಂಗ್ಲಿಷ್ ಎಂಬಾತನು 1964ರ ಸುಮಾರಿಗೆ ಅದರ ಮೊದಲ ಮಾದರಿಯನ್ನು ಸಿದ್ಧಪಡಿಸಿದನು. ಅದೊಂದು ಮರದ ಡಬ್ಬಿ. ಅದರ ತಳದಲ್ಲಿ ಒಂದಕ್ಕೊಂದು ಲಂಬವಾಗಿ ಜೋಡಿಸಿದ ಎರಡು ಚಕ್ರಗಳು. ಮೇಲೆ ಒಂದೇ ಒಂದು ಗುಂಡಿ. ಡಬ್ಬಿಯಿಂದ ಹೊರಟ ತಂತಿಯು ಬಾಲದಂತೆ ಕಾಣುತ್ತಿದ್ದುದರಿಂದ ಅದಕ್ಕೆ ಇಲಿಯೆಂಬ ಅರ್ಥದ ಹೆಸರು ಅಂಟಿಕೊಂಡಿತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಎಂಗೆಲ್‌ಬಾರ್ಟನು ಅದನ್ನು ವಿದ್ವಾಂಸರ ಸಭೆಯ ಮುಂದೆ ಪ್ರದರ್ಶಿಸಿದನು. 1970ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಗಣಕಯಂತ್ರವು ಮಾರುಕಟ್ಟೆಗೆ ಬಂದ ಮೇಲೆ ಮೌಸ್ ಜನಸಾಮಾನ್ಯರ ಮೇಜನ್ನು ಸೇರತೊಡಗಿತು.

ಮೌಸ್ ಯಂತ್ರಕ್ಕೆ ತಿಳಿಸುವ ಸಂಗತಿಗಳು ಬಹಳ ಕಡಮೆ. ಕೈಯು ಅಡ್ಡವಾಗಿ ಎಷ್ಟು ಸರಿಯಿತು, ಹಿಂದಕ್ಕೆ ಮುಂದಕ್ಕೆ ಎಷ್ಟು ಸರಿಯಿತು, ಗುಂಡಿಯು ಒತ್ತಿದೆಯೇ ಬಿಟ್ಟಿದೆಯೇ ಎಂಬ ಮೂರೇ ಸಂಗತಿಗಳು ಅದರ ಮೂಲ ಭಾಷೆ. ಈ ಮೂರು ಮಾತುಗಳಿಂದಲೇ ಇಡೀ ಮನೆಯ ಗೋಡೆಗಳನ್ನು ಹೇಳಿ ಮುಗಿಸಬೇಕು. ಅದಕ್ಕೆ ಮುಖ್ಯವಾಗಿ ಎರಡು ವಿಧಾನಗಳು ಬಳಕೆಯಲ್ಲಿವೆ.

ಮೊದಲನೆಯದು ಒತ್ತಿ, ಎಳೆದು, ಬಿಡುವ ವಿಧಾನ. ಗೋಡೆಯು ತೊಡಗುವ ಕಡೆಯಲ್ಲಿ ಗುಂಡಿಯನ್ನು ಒತ್ತಬೇಕು. ಒತ್ತಿದ ಬೆರಳನ್ನು ಎತ್ತದೆ ಮೌಸನ್ನು ಸರಿಸಬೇಕು. ಗೋಡೆಯು ಮುಗಿಯುವ ಕಡೆಯಲ್ಲಿ ಬೆರಳನ್ನು ಎತ್ತಬೇಕು. ಹೀಗೆ ಒಂದು ಚಲನೆಗೆ ಒಂದು ಗೋಡೆ. ಕಾಗದದ ಮೇಲೆ ಸೀಸದಕಡ್ಡಿಯನ್ನು ಊರಿ ಗೆರೆ ಎಳೆದು ಎತ್ತುವುದಕ್ಕೆ ಇದು ಸಮೀಪವಾದುದರಿಂದ ಕಲಿಯಲು ಸುಲಭ. ಇದರಲ್ಲಿ ಇನ್ನೊಂದು ಗುಣವೂ ಉಂಟು. ಕೆನಡಾ ದೇಶದ ವಿಲಿಯಂ ಬಕ್ಸ್‌ಟನ್ ಎಂಬ ವಿದ್ವಾಂಸನು 1986ರಲ್ಲಿ ಅದನ್ನು ಎತ್ತಿ ತೋರಿಸಿದನು. ಬೆರಳು ಗುಂಡಿಯನ್ನು ಒತ್ತಿಕೊಂಡಿರುವಷ್ಟು ಹೊತ್ತು ಅದರ ಸ್ನಾಯುಗಳಲ್ಲಿ ಬಿಗಿತವಿರುತ್ತದೆ. ಕೆಲಸವು ಇನ್ನೂ ಮುಗಿದಿಲ್ಲವೆಂಬುದನ್ನು ಆ ಬಿಗಿತವೇ ಮನಸ್ಸಿಗೆ ನೆನಪಿಸುತ್ತಿರುತ್ತದೆ. ಬೆರಳು ಸಡಿಲವಾದಾಗ ಕೆಲಸವೂ ಮುಗಿಯುತ್ತದೆ. ಹೀಗಾಗಿ ನಡುವೆ ಮರೆವಿಗೆ ಎಡೆಯಿಲ್ಲ.

ಎರಡನೆಯದು ಕ್ಲಿಕ್ ಮಾಡಿ, ಸರಿಸಿ, ಮತ್ತೆ ಕ್ಲಿಕ್ ಮಾಡುವ ವಿಧಾನ. ಗುಂಡಿಯನ್ನು ಒಮ್ಮೆ ಒತ್ತಿ ಕೂಡಲೇ ಬಿಟ್ಟರೆ ಅದು ಒಂದು ಕ್ಲಿಕ್. ಗೋಡೆಯ ಆರಂಭದಲ್ಲಿ ಒಂದು ಕ್ಲಿಕ್. ಅನಂತರ ಬೆರಳಿಗೆ ವಿಶ್ರಾಂತಿ. ಕೈಯು ಮೌಸನ್ನು ನಿಧಾನವಾಗಿ ಸರಿಸಿದಂತೆಲ್ಲ ಹಿಗ್ಗುವ ಗೆರೆಯು ಅದರ ಹಿಂದೆಯೇ ಬರುತ್ತದೆ. ಮುಗಿಯುವ ಕಡೆಯಲ್ಲಿ ಇನ್ನೊಂದು ಕ್ಲಿಕ್. ಮೇಸ್ತ್ರಿಯು ನೆಡುವ ಎರಡು ಗೂಟಗಳಂತೆ ಇಲ್ಲಿ ಎರಡು ಕ್ಲಿಕ್ಕುಗಳು.

ಈ ವಿಧಾನಕ್ಕೆ ಉತ್ತಮ ನಿದರ್ಶನವೆಂದರೆ ಫ್ರಾನ್ಸಿನ ಇಮ್ಯಾನುಯೆಲ್ ಪ್ಯುಬಾರೆ ರಚಿಸಿದ ಸ್ವೀಟ್ ಹೋಮ್ 3ಡಿ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಗೋಡೆ ಎಳೆಯುವ ಸಾಧನವನ್ನು ಆರಿಸಿಕೊಂಡು ಒಂದು ಮೂಲೆಯಲ್ಲಿ ಕ್ಲಿಕ್ ಮಾಡಿದರೆ ಗೋಡೆಯು ತೊಡಗುತ್ತದೆ. ಎರಡನೆಯ ಮೂಲೆಯಲ್ಲಿ ಕ್ಲಿಕ್ ಮಾಡಿದರೆ ಅದು ಮುಗಿಯುತ್ತದೆ. ಮೊದಲ ಗೋಡೆಯು ಮುಗಿದ ಬಿಂದುವೇ ಎರಡನೆಯ ಗೋಡೆಯ ಆರಂಭವೂ ಆಗುತ್ತದೆ. ಸರಪಳಿಯ ಕೊಂಡಿಗಳಂತೆ ಗೋಡೆಯ ಬೆನ್ನಿಗೆ ಗೋಡೆಯು ಬೆಳೆಯುತ್ತ ಹೋಗುತ್ತದೆ. ಸಾಕೆನಿಸಿದಾಗ ಒಂದೇ ಕಡೆ ಬೇಗಬೇಗನೆ ಎರಡು ಸಲ ಕ್ಲಿಕ್ ಮಾಡಿದರೆ ಸರಪಳಿಯು ಕಡಿಯುತ್ತದೆ. ಕೀಲಿಮಣೆಯ ಎಸ್ಕೇಪ್ ಕೀಲಿಯನ್ನು ಒತ್ತಿಯೂ ನಿಲ್ಲಿಸಬಹುದು.

ಈ ವಿಧಾನದಲ್ಲಿ ದೋಷವಿಲ್ಲದಿಲ್ಲ. ಎರಡು ಕ್ಲಿಕ್ಕುಗಳ ನಡುವೆ ಬೆರಳು ಸಡಿಲವಾಗಿರುವುದರಿಂದ, ಯಂತ್ರವು ಇನ್ನೊಂದು ಬಿಂದುವಿಗಾಗಿ ಕಾದಿದೆ ಎಂಬುದನ್ನು ಕೈಯು ನೆನಪಿಸುವುದಿಲ್ಲ. ಹೊಸಬರು ಸರಪಳಿಯನ್ನು ನಿಲ್ಲಿಸುವ ಬಗೆಯನ್ನು ಅರಿಯದೆ, ಮೌಸನ್ನು ಸರಿಸಿದಲ್ಲೆಲ್ಲ ಗೋಡೆಯು ಬೆನ್ನಟ್ಟಿ ಬರುವುದನ್ನು ಕಂಡು ಗಾಬರಿಗೊಳ್ಳುವುದುಂಟು. ಕೈಯು ಹೇಳದಿರುವುದನ್ನು ಕಣ್ಣಿಗೆ ಹೇಳುವ ಹೊಣೆಯು ಇಲ್ಲಿ ಹಿಗ್ಗುವ ಗೆರೆಯ ಮೇಲೆ ಬೀಳುತ್ತದೆ.

ಎರಡು ವಿಧಾನಗಳ ವ್ಯತ್ಯಾಸವನ್ನು ಒಂದು ಚಿಕ್ಕ ಲೆಕ್ಕದಿಂದ ಅರಿಯಬಹುದು. ನಾಲ್ಕು ಗೋಡೆಗಳ ಒಂದು ಕೋಣೆಯನ್ನು ಬರೆಯಬೇಕಾಗಿದೆ ಎಂದುಕೊಳ್ಳೋಣ. ಎಳೆಯುವ ವಿಧಾನದಲ್ಲಿ ಪ್ರತಿಯೊಂದು ಗೋಡೆಗೂ ಒತ್ತುವ ಬಿಂದುವೊಂದು, ಬಿಡುವ ಬಿಂದುವೊಂದು. ಒಟ್ಟು 8 ಬಿಂದುಗಳನ್ನು ಗುರಿಯಿಟ್ಟು ಮುಟ್ಟಬೇಕು. ಸರಪಳಿಯ ವಿಧಾನದಲ್ಲಿ ನಾಲ್ಕು ಮೂಲೆಗಳು ಮತ್ತು ಹೊರಟ ಮೂಲೆಗೆ ಹಿಂದಿರುಗುವುದು ಸೇರಿ 5 ಬಿಂದುಗಳು ಸಾಕು. ಎಳೆಯುವ ವಿಧಾನದಲ್ಲಿ ಒಂದೇ ಮೂಲೆಯನ್ನು ಎರಡು ಸಲ ಮುಟ್ಟಬೇಕಾಗುವುದರಿಂದ, ಎರಡನೆಯ ಸಲ ಕೂದಲೆಳೆಯಷ್ಟು ತಪ್ಪಿದರೂ ಗೋಡೆಗಳ ನಡುವೆ ಬಿರುಕು ಉಳಿದೀತು. ಕಣ್ಣಿಗೆ ಕೋಣೆಯು ಮುಚ್ಚಿದಂತೆಯೇ ಕಂಡರೂ ಯಂತ್ರದ ಲೆಕ್ಕದಲ್ಲಿ ಅದು ಮುಚ್ಚಿರುವುದಿಲ್ಲ. ಗೋಡೆಗಳಿಂದ ಆವೃತವಾದ ಜಾಗವನ್ನು ಗುರುತಿಸಿ ನೆಲವನ್ನು ತುಂಬುವ ಸೌಕರ್ಯವು ಆಗ ಫಲಿಸುವುದಿಲ್ಲ. ಇದನ್ನು ತಪ್ಪಿಸಲೆಂದೇ ಕೆಲವು ತಂತ್ರಾಂಶಗಳಲ್ಲಿ ಮೂರನೆಯ ಬಗೆಯೊಂದನ್ನೂ ಇಟ್ಟಿರುತ್ತಾರೆ. ಎದುರುಬದುರಿನ ಎರಡು ಮೂಲೆಗಳನ್ನು ಮಾತ್ರ ತೋರಿಸಿದರೆ ಆಯತಾಕಾರದ ಕೋಣೆಯ ನಾಲ್ಕು ಬದಿಗಳೂ ಒಮ್ಮೆಗೇ ಮೂಡುತ್ತವೆ.

ಯಾವ ವಿಧಾನವು ಕೈಗೆ ಹಗುರ ಎಂಬುದನ್ನು ವಿಜ್ಞಾನಿಗಳು ಅಳೆದೂ ನೋಡಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞನಾದ ಪಾಲ್ ಫಿಟ್ಸ್ ಎಂಬಾತನು 1954ರಲ್ಲಿ ಕೈಯ ಚಲನೆಯನ್ನು ಕುರಿತು ಒಂದು ನಿಯಮವನ್ನು ಪ್ರಕಟಿಸಿದನು. ಗುರಿಯು ದೂರವಾದಷ್ಟೂ, ಕಿರಿದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಕಾಲ ಬೇಕೆಂಬುದು ಅದರ ಸಾರ. ದೂರವು ಎರಡರಷ್ಟಾದರೆ ಕಾಲವು ಎರಡರಷ್ಟಾಗುವುದಿಲ್ಲ. ಒಂದು ಗೊತ್ತಾದ ಮೊತ್ತದಷ್ಟು ಮಾತ್ರ ಹೆಚ್ಚುತ್ತದೆ. ಗುರಿಯ ಅಗಲವು ಅರ್ಧವಾದರೂ ಅಷ್ಟೇ ಹೆಚ್ಚುತ್ತದೆ. 1991ರಲ್ಲಿ ಮೆಕೆನ್ಜಿ, ಸೆಲೆನ್ ಮತ್ತು ಬಕ್ಸ್‌ಟನ್ ಎಂಬ ಮೂವರು ಸಂಶೋಧಕರು ಈ ನಿಯಮದ ಸಹಾಯದಿಂದ, ಬರಿದೆ ಗುರಿಯನ್ನು ಮುಟ್ಟುವುದನ್ನೂ ಗುಂಡಿಯನ್ನು ಒತ್ತಿಕೊಂಡೇ ಗುರಿಗೆ ಎಳೆಯುವುದನ್ನೂ ಹೋಲಿಸಿದರು. ಎಳೆಯುವ ಕೆಲಸದಲ್ಲಿ ಹೆಚ್ಚು ಕಾಲವೂ ಹಿಡಿಯಿತು, ಹೆಚ್ಚು ತಪ್ಪುಗಳೂ ಆದವು. 2001ರಲ್ಲಿ ಕೆನಡಾದ ಕೋರಿ ಇಂಕ್‌ಪೆನ್ ಎಂಬ ಸಂಶೋಧಕಿಯು ಪ್ರಕಟಿಸಿದ ಅಧ್ಯಯನವು ಮಕ್ಕಳನ್ನು ಕುರಿತದ್ದು. ಮಕ್ಕಳೂ ಎಳೆಯುವುದಕ್ಕಿಂತ ಕ್ಲಿಕ್ ಮಾಡುವುದರಲ್ಲಿಯೇ ವೇಗವಾಗಿದ್ದರು, ಕಡಮೆ ತಪ್ಪು ಮಾಡಿದರು.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಎಳೆಯುವಾಗ ಬೆರಳು ಬಿಗಿಯಾಗಿರಬೇಕು, ಮಣಿಕಟ್ಟು ಸಡಿಲವಾಗಿರಬೇಕು. ಒಂದೇ ಕೈಯು ಏಕಕಾಲದಲ್ಲಿ ಎರಡು ವಿರುದ್ಧವಾದ ಕೆಲಸಗಳನ್ನು ಮಾಡಬೇಕಾಗುತ್ತದೆ. ಗೋಡೆಯು ಉದ್ದವಾಗಿದ್ದು ಮೌಸ್ ಮೇಜಿನ ಅಂಚನ್ನು ಮುಟ್ಟಿದರೆ, ಗುಂಡಿಯನ್ನು ಬಿಡದೆಯೇ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಆಗ ಬೆರಳು ತುಸು ಜಾರಿದರೂ ಗೋಡೆಯು ನಡುದಾರಿಯಲ್ಲಿಯೇ ಮುಗಿದುಹೋಗುತ್ತದೆ.

ಎರಡು ವಿಧಾನಗಳಲ್ಲಿಯೂ ಕೈಯ ತಪ್ಪನ್ನು ತಿದ್ದುವ ಏರ್ಪಾಡು ಬೇಕು. ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚುಕ್ಕಿಗಳಿಂದ ಆದುದು. 12 ಮೀಟರ್ ಅಗಲದ ಮನೆಯನ್ನು 1200 ಚುಕ್ಕಿಗಳ ಅಗಲದಲ್ಲಿ ತೋರಿಸಿದರೆ ಒಂದು ಚುಕ್ಕಿಯು 1 ಸೆಂಟಿಮೀಟರಿಗೆ ಸಮ. ಕೈಯು 3 ಚುಕ್ಕಿಗಳಷ್ಟು ತಪ್ಪಿದರೆ ಗೋಡೆಯು 3 ಸೆಂಟಿಮೀಟರ್ ತಪ್ಪುತ್ತದೆ. ದಿಕ್ಕಿನ ತಪ್ಪು ಇನ್ನೂ ದೊಡ್ಡದು. 10 ಮೀಟರ್ ಉದ್ದದ ಗೋಡೆಯು ಒಂದೇ ಒಂದು ಡಿಗ್ರಿ ಓರೆಯಾದರೆ ಅದರ ತುದಿಯು ಸುಮಾರು 17 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಬಾಗಿಲು, ಕಿಟಕಿ, ಮೆಟ್ಟಿಲುಗಳ ಅಳತೆಯೆಲ್ಲ ಇದರಿಂದ ಕೆಡಬಹುದು.

ಆದುದರಿಂದ ತಂತ್ರಾಂಶಗಳಲ್ಲಿ ಒಂದು ಬಗೆಯ ಸೆಳೆತವನ್ನು ಇಟ್ಟಿರುತ್ತಾರೆ. ಸ್ವೀಟ್ ಹೋಮ್ 3ಡಿಯಲ್ಲಿ ಹೊಸ ಗೋಡೆಯು 15 ಡಿಗ್ರಿಗಳ ಗುಣಕವಾದ ಕೋನಗಳಿಗೆ ತಾನಾಗಿ ವಾಲಿಕೊಳ್ಳುತ್ತದೆ. ಹೀಗೆ ನೇರಮೂಲೆಯ 90 ಡಿಗ್ರಿಯು ಸುಲಭವಾಗಿ ದೊರೆಯುತ್ತದೆ. ಇದ್ದ ಗೋಡೆಯ ತುದಿಯ ಸಮೀಪಕ್ಕೆ ಬಂದರೆ ಹೊಸ ಗೋಡೆಯು ಅಯಸ್ಕಾಂತಕ್ಕೆ ಕಬ್ಬಿಣವು ಅಂಟಿದಂತೆ ಅಂಟಿಕೊಳ್ಳುತ್ತದೆ. ಓರೆಯಾದ ಗೋಡೆಯೇ ಬೇಕಾದಾಗ ಕೀಲಿಮಣೆಯಿಂದ ಈ ಸೆಳೆತವನ್ನು ತಡೆಯಲೂ ಬಹುದು. 1982ರಲ್ಲಿ ಹೊರಬಂದ ಆಟೋಕ್ಯಾಡ್ ಎಂಬ ತಂತ್ರಾಂಶವು ಇಂದು ಎಂಜಿನಿಯರುಗಳಲ್ಲಿ ಬಹಳ ಬಳಕೆಯಲ್ಲಿದೆ. ಅದರಲ್ಲಿ ಎಫ್8 ಎಂಬ ಕೀಲಿಯನ್ನು ಒತ್ತಿದರೆ ಗೆರೆಗಳು ಅಡ್ಡಕ್ಕೆ ಅಥವಾ ಉದ್ದಕ್ಕೆ ಮಾತ್ರ ಸಾಗುತ್ತವೆ. ಇವೆಲ್ಲ ಪರದೆಯ ಮೇಲಿನ ಮೂಲೆಮಟ್ಟಗಳು. ಇದಲ್ಲದೆ, ಮೌಸಿನಿಂದ ದಿಕ್ಕನ್ನು ತೋರಿಸಿ, ಉದ್ದವನ್ನು ಕೀಲಿಮಣೆಯಿಂದ ಅಂಕಿಗಳಲ್ಲಿ ಕೊಡುವ ಕ್ರಮವೂ ಇದೆ. ಕೈಯು ದಿಕ್ಕನ್ನು ಚೆನ್ನಾಗಿ ತೋರಬಲ್ಲದು. ಅಳತೆಯನ್ನು ಅಂಕಿಯೇ ಚೆನ್ನಾಗಿ ಹೇಳಬಲ್ಲದು. ಎರಡರ ಸಾಮರ್ಥ್ಯವನ್ನೂ ಕೂಡಿಸುವುದು ಜಾಣತನ.

ಹಾಗಾದರೆ ಎಳೆಯುವ ವಿಧಾನವನ್ನು ಕೈಬಿಡಬೇಕೇ? ಹಾಗೆನ್ನುವಂತಿಲ್ಲ. ಬೆರಳಿನಿಂದಲೇ ಮುಟ್ಟುವ ಪರದೆಗಳು ಬಂದ ಮೇಲೆ ಅದಕ್ಕೆ ಹೊಸ ಬೆಲೆ ಬಂದಿದೆ. ಗುಂಡಿಯನ್ನು ಒತ್ತದಿದ್ದಾಗಲೂ ಮೌಸ್ ಎಲ್ಲಿದೆ ಎಂಬುದು ಯಂತ್ರಕ್ಕೆ ತಿಳಿದಿರುತ್ತದೆ; ಆದುದರಿಂದಲೇ ಹಿಗ್ಗುವ ಗೆರೆಯು ಅದನ್ನು ಹಿಂಬಾಲಿಸಬಲ್ಲದು. ಆದರೆ ಪರದೆಯಿಂದ ಎತ್ತಿದ ಬೆರಳು ಸಾಮಾನ್ಯವಾಗಿ ಯಂತ್ರದ ಪಾಲಿಗೆ ಇಲ್ಲವಾಗುತ್ತದೆ. ಎರಡು ಮುಟ್ಟುವಿಕೆಗಳ ನಡುವೆ ಗೆರೆಯು ಯಾರನ್ನು ಹಿಂಬಾಲಿಸಬೇಕು? ಅಲ್ಲಿ ಗೋಡೆಯು ಬೆಳೆಯುವುದನ್ನು ನೋಡುತ್ತ ಬರೆಯಬೇಕಾದರೆ ಬೆರಳನ್ನು ಎತ್ತದೆ ಎಳೆಯುವುದೇ ಸಹಜವಾದ ಮಾರ್ಗ. ಹೀಗೆ ಸಾಧನವು ಬದಲಾದಾಗ ವಿಧಾನದ ಗುಣದೋಷಗಳೂ ಬದಲಾಗುತ್ತವೆ.

ಸಾಧನದಂತೆ ಕೈಯೂ ಎಲ್ಲರದೂ ಒಂದೇ ಬಗೆಯದಲ್ಲ. ಕೀಲುನೋವಿನಿಂದ ಬೆರಳು ಬಾಗದ ವೃದ್ಧರಿದ್ದಾರೆ. ಕೈಗಳು ಸದಾ ನಡುಗುವ ರೋಗಿಗಳಿದ್ದಾರೆ. ಅಪಘಾತದಲ್ಲಿ ಬೆರಳನ್ನು ಕಳೆದುಕೊಂಡವರಿದ್ದಾರೆ. ಗುಂಡಿಯನ್ನು ಬಹಳ ಹೊತ್ತು ಒತ್ತಿಕೊಂಡಿರುವುದು ಇಂಥವರಿಗೆ ಯಾತನೆ. ಬೇಗಬೇಗನೆ ಎರಡು ಸಲ ಕ್ಲಿಕ್ ಮಾಡುವುದೂ ಕಷ್ಟ. ಜೀವಮಾನದ ಉಳಿತಾಯದಿಂದ ಮನೆ ಕಟ್ಟಿಸುವ ಹಿರಿಯರು ಅಡುಗೆಮನೆಯ ಗೋಡೆಯು ಎಲ್ಲಿರಬೇಕೆಂದು ಬಲ್ಲವರಾದರೂ, ಬೆರಳು ನಿಲ್ಲದ ಕಾರಣಕ್ಕಾಗಿ ಅದನ್ನು ತಾವೇ ಬರೆದು ನೋಡಲಾರದೆ ಹೋಗಬಹುದು. ಅರಿವಿದ್ದೂ ಹೇಳಲಾಗದ ಸ್ಥಿತಿ ಅದು. ಅಲ್ಲಿ ಕೊರತೆಯಿರುವುದು ಅವರಲ್ಲಿ ಅಲ್ಲ, ಸಾಧನದಲ್ಲಿ.

ಈ ಸತ್ಯವನ್ನು ಜಗತ್ತು ಈಗ ನಿಯಮದ ರೂಪದಲ್ಲಿಯೂ ಒಪ್ಪಿಕೊಳ್ಳತೊಡಗಿದೆ. ವಿಶ್ವವ್ಯಾಪಿ ಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2023ರ ಅಕ್ಟೋಬರಿನಲ್ಲಿ ತನ್ನ ಮಾರ್ಗಸೂಚಿಗೆ ಒಂದು ಹೊಸ ಅಂಶವನ್ನು ಸೇರಿಸಿತು. ಜಾಲಪುಟಗಳಲ್ಲಿ ಎಳೆಯುವ ಚಲನೆಯಿಂದ ಮಾಡಬೇಕಾದ ಯಾವುದೇ ಕೆಲಸವನ್ನು, ಎಳೆಯುವುದು ಅನಿವಾರ್ಯವಾದ ಹೊರತು, ಎಳೆಯದೆಯೂ ಮಾಡಲು ದಾರಿಯಿರಬೇಕೆಂಬುದು ಅದರ ತಾತ್ಪರ್ಯ. 2000ದಲ್ಲಿ ಹೊರಬಂದ ಸ್ಕೆಚ್‌ಅಪ್ ಎಂಬ ತಂತ್ರಾಂಶವು ಗೆರೆ ಎಳೆಯುವ ವಿಷಯದಲ್ಲಿ ಎರಡು ದಾರಿಗಳನ್ನೂ ತೆರೆದಿಟ್ಟಿದೆ. ಒತ್ತಿ ಎಳೆದರೆ ಅದು ಎಳೆತವೆಂದು ತಿಳಿಯುತ್ತದೆ. ಒತ್ತಿ ಬಿಟ್ಟರೆ ಎರಡನೆಯ ಕ್ಲಿಕ್ಕಿಗಾಗಿ ಕಾಯುತ್ತದೆ. ಬೇಕಾದರೆ ಬಳಸುವವರು ಇವುಗಳಲ್ಲಿ ಒಂದನ್ನೇ ಸ್ಥಿರಪಡಿಸಿಕೊಳ್ಳಲೂಬಹುದು. ಇಲ್ಲಿ ಯಂತ್ರವು ಕೈಯನ್ನು ನೋಡಿ ನಡೆಯುತ್ತದೆ; ಕೈಯು ಯಂತ್ರವನ್ನು ನೋಡಿ ನಡೆಯಬೇಕಾಗಿಲ್ಲ.

ಪರದೆಯ ಮೇಲೆ ಬರೆದ ಗೋಡೆಯನ್ನು ಅಳಿಸುವುದು ಕ್ಷಣದ ಕೆಲಸ. ನೆಲದ ಮೇಲೆ ಎದ್ದ ಗೋಡೆಯನ್ನು ಕೆಡವುವುದು ದುಡಿಮೆಯ, ಹಣದ, ದುಃಖದ ಕೆಲಸ. ಎಷ್ಟು ಜನರು ಕಟ್ಟುವುದಕ್ಕೆ ಮೊದಲೇ ತಮ್ಮ ಮನೆಯನ್ನು ಬರೆದು, ಅಳಿಸಿ, ಮತ್ತೆ ಬರೆದು ನೋಡಬಲ್ಲರೋ ಅಷ್ಟು ಮಟ್ಟಿಗೆ ಮುಂದೆ ಕೆಡವಬೇಕಾದ ಗೋಡೆಗಳು ಕಡಮೆಯಾಗುತ್ತವೆ. ಒಂದು ಗುಂಡಿಯನ್ನು ಒತ್ತಿಕೊಂಡಿರಬೇಕೇ, ಒತ್ತಿ ಬಿಡಬೇಕೇ ಎಂಬ ಅಲ್ಪವಾದ ವಿಷಯವನ್ನು ವಿದ್ವಾಂಸರು ಹಲವು ದಶಕಗಳ ಕಾಲ ಪರೀಕ್ಷಿಸಿದುದು ವ್ಯರ್ಥವಲ್ಲ. ಎಲ್ಲ ಬಗೆಯ ಕೈಗಳಿಗೂ ಒಗ್ಗುವಂತಿರುವುದೇ ಒಳ್ಳೆಯ ಸಾಧನದ ಲಕ್ಷಣ.